ಕಲ್ಲುಸಂದಿಯ ಹೂವು

ಹೂವುಗಳಿಗೆ ಹೆಸರಿಡುವಾಗ ಜನರು ಸಾಮಾನ್ಯವಾಗಿ ಅವುಗಳ ಬಣ್ಣವನ್ನೋ, ಆಕಾರವನ್ನೋ, ಅರಳುವ ಹೊತ್ತನ್ನೋ ಗಮನಿಸುತ್ತಾರೆ. ಸಂಜೆ ಅರಳುವುದು ಸಂಜೆಮಲ್ಲಿಗೆಯಾಯಿತು. ಶಂಖವನ್ನು ಹೋಲುವುದು ಶಂಖಪುಷ್ಪವಾಯಿತು. ಇಂಗ್ಲೆಂಡಿನ ಜನ ಒಂದು ಹೂವಿನ ವಿಷಯದಲ್ಲಿ ಇವು ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ, ಅದು ನಿಂತ ಜಾಗವನ್ನೇ ಹೆಸರಾಗಿ ಕೊಟ್ಟರು. ಪಾಳುಬಿದ್ದ ಕೋಟೆ, ಹಳೆಯ ಮಠ, ಶತಮಾನಗಳನ್ನು ಕಂಡ ಚರ್ಚು, ಇವುಗಳ ಗೋಡೆಯ ಬಿರುಕುಗಳಲ್ಲಿ ವಸಂತ ಬಂತೆಂದರೆ ಹೊನ್ನಿನ ಬಣ್ಣದ ಹೂಗಳು ಗೊಂಚಲು ಗೊಂಚಲಾಗಿ ಅರಳುತ್ತಿದ್ದವು. ಜನ ಅದನ್ನು ‘ವಾಲ್‌ಫ್ಲವರ್’ ಎಂದು ಕರೆದರು. ನಾವು ಗೋಡೆಹೂ ಎನ್ನೋಣ. ನೃತ್ಯಕೂಟದಲ್ಲಿ ಯಾರೊಡನೆಯೂ ಕುಣಿಯದೆ ಗೋಡೆಯ ಬದಿಯಲ್ಲಿ ನಿಂತುಬಿಡುವ ಸಂಕೋಚದ ಹುಡುಗಿಗೂ ಇಂಗ್ಲಿಷಿನಲ್ಲಿ ಇದೇ ಹೆಸರು ಬಂದಿದೆ. ಹೂವಿಗೆ ಮಾತ್ರ ಅಂಥ ಸಂಕೋಚವೇನೂ ಇದ್ದಂತೆ ಕಾಣದು.

ಈ ಹೂವನ್ನು ನಿಮ್ಮಲ್ಲಿ ಬಹುಮಂದಿ ನೋಡಿರಲಾರಿರಿ. ಆದರೆ ಅದರ ನೆಂಟನನ್ನು ಖಂಡಿತವಾಗಿ ನೋಡಿದ್ದೀರಿ. ಹೊಲದಲ್ಲಿ ಅರಳಿದ ಸಾಸಿವೆಯ ಹೂವೊಂದನ್ನು ಅಂಗೈಯ ಮೇಲಿಟ್ಟು ಗಮನಿಸಿ. ನಾಲ್ಕು ಎಸಳುಗಳು ಎದುರುಬದುರಾಗಿ ನಿಂತು, ಲೆಕ್ಕದ ಪುಸ್ತಕದಲ್ಲಿ ಕೂಡುವುದಕ್ಕೆ ಹಾಕುವ ಗುರುತಿನಂತೆ ತೋರುತ್ತವೆ. ಒಳಗೆ ಆರು ಕೇಸರಗಳು. ಅವುಗಳಲ್ಲಿ ನಾಲ್ಕು ಉದ್ದ, ಎರಡು ಗಿಡ್ಡ. ಮೂಲಂಗಿ, ಎಲೆಕೋಸು, ಹೂಕೋಸುಗಳಲ್ಲಿಯೂ ಇದೇ ಏರ್ಪಾಡು. ಇವೆಲ್ಲ ಒಂದೇ ಕುಟುಂಬದವು. ಗೋಡೆಹೂವೂ ಆ ಮನೆತನದ್ದೇ. ಅದೇ ನಾಲ್ಕು ಎಸಳು, ಅದೇ ಆರು ಕೇಸರ, ಸಾಸಿವೆಯ ಕಾಯಿಯಂತೆಯೇ ತೆಳ್ಳಗೆ ಉದ್ದವಾದ ಕಾಯಿ. ಎಸಳುಗಳು ಮಾತ್ರ ಸಾಸಿವೆಯವಕ್ಕಿಂತ ದೊಡ್ಡವು. ಬಣ್ಣ ಹಳದಿಯಿಂದ ಹಿಡಿದು ಕಿತ್ತಳೆ, ತಾಮ್ರ, ಕಡುಗೆಂಪುಗಳವರೆಗೆ ಹಬ್ಬುತ್ತದೆ. ಹತ್ತಿರ ಹೋದರೆ ಜೇನನ್ನು ನೆನಪಿಗೆ ತರುವ ಕಂಪು.

ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಇದಕ್ಕೆ ‘ಕೈರಾಂಥಸ್ ಕೈರಿ’ ಎಂದು ಹೆಸರಿಟ್ಟ. ಪಾರಸಿಯಲ್ಲಿ ಈ ಬಗೆಯ ಕಂಪಿನ ಹೂಗಳಿಗಿರುವ ‘ಖೀರಿ’ ಎಂಬ ಹೆಸರು ಅದರೊಳಗೆ ಅಡಗಿದೆ ಎನ್ನುತ್ತಾರೆ. ಈಗ ಅದನ್ನು ‘ಎರಿಸಿಮಮ್’ ಎಂಬ ದೊಡ್ಡ ಕುಲಕ್ಕೆ ಸೇರಿಸಿದ್ದಾರೆ. ಈ ಕುಲದಲ್ಲಿ ನೂರೈವತ್ತಕ್ಕೂ ಹೆಚ್ಚು ಪ್ರಭೇದಗಳಿವೆ. ಯೂರೋಪು, ಪಶ್ಚಿಮ ಏಷ್ಯ, ಉತ್ತರ ಅಮೆರಿಕಗಳಲ್ಲಿ ಅವು ಹರಡಿಕೊಂಡಿವೆ. ನಮ್ಮ ಹಿಮಾಲಯದಲ್ಲಿಯೂ ಕೆಲವು ಉಂಟು.

ಗೋಡೆಯಲ್ಲಿ ಅದಕ್ಕೆ ಸಿಕ್ಕುವುದಾದರೂ ಏನು? ಹಿಡಿ ಮಣ್ಣೂ ಇಲ್ಲ, ಗೊಬ್ಬರವಂತೂ ಇಲ್ಲವೇ ಇಲ್ಲ. ಹಳೆಯ ಕಟ್ಟಡಗಳನ್ನು ಸುಣ್ಣದ ಗಾರೆಯಲ್ಲಿ ಕಟ್ಟುತ್ತಿದ್ದರು. ಆ ಗಾರೆ ಮೆಲ್ಲನೆ ಪುಡಿಯಾಗಿ ಸಂದಿಯಲ್ಲಿ ನಿಲ್ಲುತ್ತದೆ. ಮಳೆ ಬಂದರೆ ನೀರು ಕ್ಷಣಹೊತ್ತು ಹಸಿಮಾಡಿ ಇಳಿದುಹೋಗುತ್ತದೆ. ದಿನವಿಡೀ ಬಿಸಿಲು ಬೀಳುತ್ತದೆ. ನಮ್ಮ ಕಣ್ಣಿಗೆ ಇದು ಬಡತನ. ಆದರೆ ತೋಟಗಾರನು ಅದೇ ಗಿಡವನ್ನು ಕರುಣೆಯಿಂದ ಕಿತ್ತು ತಂದು, ಕೊಬ್ಬಿದ ಕಪ್ಪುಮಣ್ಣಿನ ಪಾತಿಯಲ್ಲಿಟ್ಟು ದಿನವೂ ನೀರೆರೆದರೆ ಅದು ಮೊದಲು ಸೊಂಪಾಗಿ ಬೆಳೆಯುತ್ತದೆ; ಮುಂದಿನ ಚಳಿಗಾಲದಲ್ಲಿ ಕೊಳೆತು ಸಾಯುತ್ತದೆ. ಯಾಕೆ ಹೀಗೆ? ಇದನ್ನು ತಿಳಿಯಲು ಗೋಡೆಯನ್ನು ಬಿಟ್ಟು ಬೆಟ್ಟಕ್ಕೆ ಹೋಗಬೇಕು. ಗೋಡೆಯೆಂಬುದು ಮನುಷ್ಯ ಕಟ್ಟಿದ ಒಂದು ಸಣ್ಣ ಕಡಿಬಂಡೆ. ಗೋಡೆಹೂವಿನ ಬಂಧುಗಳು ಅನೇಕವು ನಿಜವಾದ ಬಂಡೆಗಳ ನಿವಾಸಿಗಳು.

ಯೂರೋಪಿನ ನಡುಭಾಗದಲ್ಲಿ ಆಲ್ಪ್ಸ್ ಪರ್ವತಗಳ ಸಾಲಿದೆ. ಅಲ್ಲಿ ಸುಮಾರು 2,000 ಮೀಟರ್ ಎತ್ತರಕ್ಕೆ ಹೋಗುವಷ್ಟರಲ್ಲಿ ಮರಗಳು ನಿಂತುಹೋಗುತ್ತವೆ. ನಮ್ಮ ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಎಂದರೆ ನಮ್ಮ ನೆತ್ತಿಯ ಎತ್ತರ ಮುಗಿಯುವಲ್ಲಿಗೆ ಅವರ ಮರಗಳು ಮುಗಿಯುತ್ತವೆ. ಅಲ್ಲಿಂದ ಮೇಲೆ ಹುಲ್ಲು, ಬಂಡೆ, ಹಿಮ, ಹಾಗೂ ನೆಲಕ್ಕಂಟಿದ ಪುಟ್ಟ ಗಿಡಗಳ ರಾಜ್ಯ. ಆಲ್ಪ್ಸ್ ಹೆಸರಿನಿಂದಲೇ ಇಂಥ ಗಿಡಗಳನ್ನು ಲೋಕದ ಎಲ್ಲ ಕಡೆಯೂ ‘ಆಲ್ಪೈನ್’ ಸಸ್ಯಗಳೆಂದು ಕರೆಯುವ ವಾಡಿಕೆ ಬಂದಿದೆ. ಸ್ವಿಟ್ಸರ್ಲೆಂಡಿನ ಬಿಸಿಲಿಳಿಜಾರುಗಳಲ್ಲಿ ‘ಎರಿಸಿಮಮ್ ರೀಟಿಕಮ್’ ಎಂಬ ಗೋಡೆಹೂ ಇದೆ. ಅಮೆರಿಕದ ರಾಕಿ ಪರ್ವತಗಳಲ್ಲಿ ಇನ್ನೊಂದು. ತುರ್ಕಿಯ ಬೆಟ್ಟಗಳಲ್ಲಿ ಬೆಳೆಯುವ ‘ಎರಿಸಿಮಮ್ ಕೊಟ್ಶಿಯಾನಮ್’ ಇವುಗಳಲ್ಲೆಲ್ಲ ಗಿಡ್ಡ. ಅದರ ಎತ್ತರ ಒಂದು ಗೇಣಿಗೂ ಕಡಮೆ, ಸುಮಾರು 10 ಸೆಂಟಿಮೀಟರ್. ಸೂಜಿಯಂಥ ಸಣ್ಣ ಹಸಿರೆಲೆಗಳು ಒತ್ತಾಗಿ ಹೆಣೆದುಕೊಂಡು ಚಾಪೆಯಂತೆ ಹಬ್ಬುತ್ತವೆ. ವಸಂತದಲ್ಲಿ ಚಾಪೆಯ ಹಸಿರೇ ಕಾಣದಷ್ಟು ಹಳದಿ ಹೂ. ಪಶ್ಚಿಮ ಏಷ್ಯದ ಬೆಟ್ಟಗಳಲ್ಲಿ ಅಲೆದು ಸಸ್ಯಗಳನ್ನು ಸಂಗ್ರಹಿಸಿದ ಆಸ್ಟ್ರಿಯದ ಥಿಯೊಡೋರ್ ಕೊಟ್ಶಿ ಎಂಬ ವಿದ್ವಾಂಸನ ಹೆಸರು ಈ ಪುಟ್ಟ ಗಿಡದಲ್ಲಿ ಉಳಿದಿದೆ.

ಈ ಗಿಡ್ಡತನ ಬೆಟ್ಟದ ಬಾಳಿಗೆ ತಕ್ಕುದಾದದ್ದು. ಸಾವಿರ ಮೀಟರ್ ಏರಿದರೆ ಗಾಳಿಯ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಬಿರುಗಾಳಿ ಎಡೆಬಿಡದೆ ಬೀಸುತ್ತದೆ. ಬೆಳೆಯಲು ಸಿಕ್ಕುವ ಕಾಲ ವರ್ಷಕ್ಕೆ ಎರಡು ಮೂರು ತಿಂಗಳು ಮಾತ್ರ. ನೆಲದಿಂದ ಒಂದು ಮೊಳ ಮೇಲೆ ಚಳಿಗಾಳಿ ಹೊಡೆಯುತ್ತಿದ್ದರೆ, ಬಿಸಿಲಿಗೆ ಕಾದ ಕಲ್ಲಿನ ಮಗ್ಗುಲಲ್ಲಿ, ನೆಲಕ್ಕೆ ನಾಲ್ಕು ಬೆರಳು ಅಂತರದಲ್ಲಿ ಬೆಚ್ಚನೆಯ ಗಾಳಿ ನಿಂತಿರುತ್ತದೆ. ಎತ್ತರಕ್ಕೆ ಬೆಳೆದವನಿಗೆ ಚಳಿ, ತಗ್ಗಿದವನಿಗೆ ಬಿಸುಪು. ಒತ್ತಾಗಿ ಹೆಣೆದ ಎಲೆಗಳ ನಡುವೆ ಆ ಬೆಚ್ಚನೆಯ ಗಾಳಿ ಸಿಕ್ಕಿಕೊಂಡು ಇನ್ನಷ್ಟು ಹೊತ್ತು ಉಳಿಯುತ್ತದೆ.

ಬೇರಿನ ಕಥೆ ಬೇರೆ. ಮೇಲೆ ಗೇಣುದ್ದವೂ ಇಲ್ಲದ ಗಿಡ ಕಲ್ಲುಗಳ ನಡುವೆ ಅದಕ್ಕಿಂತ ಎಷ್ಟೋ ಆಳಕ್ಕೆ ಬೇರಿಳಿಸಿರುತ್ತದೆ. ಚಳಿಗೆ ಒಡೆದು ಬಿದ್ದ ಕಲ್ಲುಚೂರುಗಳು ಇಳಿಜಾರಿನಲ್ಲಿ ರಾಶಿಯಾಗಿರುತ್ತವೆ. ಹಿಮ ಕರಗಿದ ನೀರು ಈ ರಾಶಿಯೊಳಗೆ ಹರಿಯುತ್ತದೆ, ಆದರೆ ನಿಲ್ಲುವುದಿಲ್ಲ. ಬೇರಿಗೆ ತೇವವೂ ಉಂಟು, ಗಾಳಿಯೂ ಉಂಟು. ಇದನ್ನು ಚೆನ್ನಾಗಿ ನೆನಪಿನಲ್ಲಿಡಬೇಕು. ನೀರು ಬಸಿದುಹೋಗುವ ನೆಲ ಎಂದರೆ ಒಣನೆಲವಲ್ಲ. ನೀರು ಬಂದು ಹೋಗುವ ನೆಲ.

ಚಳಿಗಾಲದಲ್ಲಿ ಏನಾಗುತ್ತದೆ? ಆಳವಾದ ಹಿಮ ಬಿದ್ದು ಗಿಡವನ್ನು ಮುಚ್ಚುತ್ತದೆ. ಹಿಮವೇ ಗಿಡವನ್ನು ಕೊಲ್ಲುವುದೆಂದು ನಾವು ಊಹಿಸಬಹುದು. ವಾಸ್ತವವಾಗಿ ಹಿಮವು ಹತ್ತಿಯ ರಜಾಯಿಯಂತೆ ಒಳಗೆ ಗಾಳಿಯನ್ನು ಹಿಡಿದಿಟ್ಟುಕೊಂಡಿರುತ್ತದೆ. ಹೊರಗೆ ಉಷ್ಣತೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿದಾಗಲೂ ದಪ್ಪ ಹಿಮದ ಅಡಿಯ ನೆಲ ಹೆಚ್ಚುಕಡಮೆ ಸೊನ್ನೆಯ ಬಳಿಯೇ ನಿಂತಿರುತ್ತದೆ. ಅಲ್ಲಿ ಗಿಡ ತಿಂಗಳುಗಟ್ಟಲೆ ಒಣಗಿದ ನಿದ್ದೆಯಲ್ಲಿರುತ್ತದೆ. ಲಂಡನ್ನಿನಂಥ ತಗ್ಗುನಾಡಿನ ಚಳಿಗಾಲ ಆಲ್ಪ್ಸ್‌ನದಕ್ಕಿಂತ ಎಷ್ಟೋ ಸೌಮ್ಯ. ಆದರೆ ಅಲ್ಲಿ ಬೀಳುವುದು ಜಿನುಗುಮಳೆ. ಹೆಪ್ಪುಗಟ್ಟಿದ ಬೆಟ್ಟದಲ್ಲಿ ಬದುಕಿದ ಗಿಡ ತಗ್ಗಿನ ಹಸಿಯಲ್ಲಿ ಸಾಯುವುದಕ್ಕೆ ಕಾರಣ ಚಳಿಯಲ್ಲ, ತೇವ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬೆಟ್ಟದ ಗಿಡ ಗಿಡ್ಡವಾಗಿರುವುದು ಹುಟ್ಟಿನಿಂದಲೋ, ಅದು ನಿಂತ ಜಾಗದಿಂದಲೋ? ಬೆಟ್ಟದಿಂದ ಕೆಳಕ್ಕೆ ತಂದು ನೆಟ್ಟರೆ ಅದು ತಗ್ಗುನಾಡಿನ ಗಿಡಗಳಂತೆ ಉದ್ದವಾದೀತೇ? ತೋಟಗಾರನಿಗೆ ಇದು ಕೇವಲ ಕುತೂಹಲದ ಮಾತಲ್ಲ. ಅವನು ಬಯಸುವುದೇ ಆ ಅಚ್ಚುಕಟ್ಟಾದ ಗಿಡ್ಡತನವನ್ನು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಬೊನಿಯೆ ಎಂಬ ಸಸ್ಯವಿಜ್ಞಾನಿ ಇದನ್ನು ಪರೀಕ್ಷಿಸಲು ಹೊರಟನು. ಒಂದೇ ಗಿಡವನ್ನು ಎರಡಾಗಿ ಸೀಳಿ, ಒಂದು ಭಾಗವನ್ನು ತಗ್ಗಿನಲ್ಲಿಯೂ ಇನ್ನೊಂದನ್ನು ಆಲ್ಪ್ಸ್ ಅಥವಾ ಪಿರನೀಸ್ ಬೆಟ್ಟದಲ್ಲಿಯೂ ನೆಟ್ಟನು. ಮೇಲೆ ಹೋದ ಅರ್ಧ ಗಿಡ್ಡವಾಯಿತು, ಎಲೆ ಚಿಕ್ಕದಾಯಿತು, ಹೂವಿನ ಬಣ್ಣ ಗಾಢವಾಯಿತು. ಇಲ್ಲಿಯವರೆಗೆ ಸರಿ. ಆದರೆ ಬೊನಿಯೆ ಮುಂದುವರಿದು, ತಗ್ಗಿನ ಪ್ರಭೇದವೇ ಕ್ರಮೇಣ ಬೆಟ್ಟದ ಪ್ರಭೇದವಾಗಿ ಮಾರ್ಪಟ್ಟಿತೆಂದೂ ಹೇಳಿದನು. ಆ ಮಾತನ್ನು ಅನಂತರದವರ ಪ್ರಯೋಗಗಳು ಸಮರ್ಥಿಸಲಿಲ್ಲ. ಹತ್ತಿರದಲ್ಲಿದ್ದ ಬೆಟ್ಟದ ಗಿಡಗಳ ಬೀಜ ಅವನ ಪಾತಿಗೆ ಬಂದು ಬಿದ್ದಿದ್ದರೂ ಆಶ್ಚರ್ಯವಿಲ್ಲ.

ಹೆಚ್ಚು ಖಚಿತವಾದ ಉತ್ತರ ಅಮೆರಿಕದಿಂದ ಬಂತು. ಕ್ಲಾಸೆನ್, ಕೆಕ್, ಹೀಸಿ ಎಂಬ ಮೂವರು ವಿಜ್ಞಾನಿಗಳು ಕ್ಯಾಲಿಫೋರ್ನಿಯದಲ್ಲಿ ಮೂರು ತೋಟಗಳನ್ನು ಮಾಡಿದರು. ಒಂದು ಸಮುದ್ರಮಟ್ಟದಿಂದ ಸುಮಾರು 30 ಮೀಟರ್ ಎತ್ತರದಲ್ಲಿ, ಎರಡನೆಯದು 1,400 ಮೀಟರ್, ಮೂರನೆಯದು 3,050 ಮೀಟರ್. ತಗ್ಗಿನ ಗಿಡಗಳನ್ನೂ ಬೆಟ್ಟದ ಗಿಡಗಳನ್ನೂ ಮೂರು ಕಡೆಯೂ ಬೆಳೆಸಿ, ವರ್ಷಾನುವರ್ಷ ಅಳೆದು ನೋಡಿ, 1940ರ ದಶಕದಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಅವರು ಬಳಸಿದ್ದು ಗೋಡೆಹೂವನ್ನಲ್ಲ, ಬೇರೆ ಕೆಲವು ಗಿಡಗಳನ್ನು. ಆದರೂ ಪಾಠ ಇಲ್ಲಿಗೂ ಸಲ್ಲುತ್ತದೆ. ಬೆಟ್ಟದ ಕುಲದ ಗಿಡ ತಗ್ಗಿಗೆ ಬಂದರೂ ತಗ್ಗಿನ ನೆಂಟರಿಗಿಂತ ಗಿಡ್ಡವಾಗಿಯೇ ಉಳಿಯಿತು. ಗಿಡ್ಡತನದ ಒಂದು ಪಾಲು ಬೀಜದಲ್ಲಿಯೇ ಬಂದದ್ದು ಎಂದಾಯಿತು. ಇನ್ನೊಂದು ಪಾಲು ಜಾಗಕ್ಕೆ ತಕ್ಕಂತೆ ಹೆಚ್ಚುಕಡಮೆಯಾಗುತ್ತದೆ. ತೋಟಗಾರನ ಕೈಯಲ್ಲಿರುವುದು ಈ ಎರಡನೆಯ ಪಾಲು. ನೆರಳಿನಲ್ಲಿಟ್ಟು ಗೊಬ್ಬರ ತಿನ್ನಿಸಿದರೆ ಹುಟ್ಟುಗಿಡ್ಡವಾದ ಗೋಡೆಹೂವೂ ಬೆಳಕನ್ನರಸಿ ಸೊರಗಿದ ಕಡ್ಡಿಗಳನ್ನು ಚಾಚುತ್ತದೆ, ಚಾಪೆ ಹರಿದು ಜಾಳಾಗುತ್ತದೆ.

ನಾನು ಮೇಷ್ಟರಾಗಿದ್ದ ಕಾಲದ ಒಂದು ಸಂಗತಿ ನೆನಪಿಗೆ ಬರುತ್ತದೆ. ತರಗತಿಯ ಕಿಟಕಿಯಲ್ಲಿ ಒಂದು ಪಾಪಾಸುಕಳ್ಳಿಯ ಕುಂಡವಿಟ್ಟಿದ್ದೆ. ಅದಕ್ಕೆ ನೀರು ಹೆಚ್ಚು ಬೇಡವೆಂದು ಹೇಳಿಯೂ ಇದ್ದೆ. ಎರಡು ತಿಂಗಳಲ್ಲಿ ಅದು ಬುಡದಲ್ಲಿ ಮೆತ್ತಗಾಗಿ ಒಂದು ಬೆಳಗ್ಗೆ ಮಗುಚಿ ಬಿತ್ತು. ವಿಚಾರಿಸಿದಾಗ ತಿಳಿಯಿತು: ಪಾಪ, ಮುಳ್ಳಿನ ಗಿಡವೆಂದು ಯಾರೂ ನೋಡಿಕೊಳ್ಳುವುದಿಲ್ಲವಲ್ಲ ಎಂದು ನಾಲ್ವರು ಹುಡುಗರು, ಒಬ್ಬರಿಗೆ ತಿಳಿಯದಂತೆ ಒಬ್ಬರು, ದಿನವೂ ಅದಕ್ಕೆ ನೀರು ಹಾಕುತ್ತಿದ್ದರು. ಬೈಯಲು ನನಗೆ ಬಾಯಿ ಬರಲಿಲ್ಲ. ಅತಿಯಾದರೆ ಅಮೃತವೂ ವಿಷವೆಂಬ ಗಾದೆಯನ್ನು ಅವರಿಗೆ ಅದೇ ವಾರ ನಾನೇ ಪಾಠ ಮಾಡಿದ್ದೆ.

ನೀರು ಹೇಗೆ ಕೊಲ್ಲುತ್ತದೆ? ಎಲೆಗಳಂತೆ ಬೇರುಗಳೂ ಉಸಿರಾಡುತ್ತವೆ; ಅವಕ್ಕೆ ಆಮ್ಲಜನಕ ಬೇಕು. ಮಣ್ಣಿನ ಕಣಗಳ ನಡುವಿನ ಸಣ್ಣ ಸಣ್ಣ ಎಡೆಗಳಲ್ಲಿ ಗಾಳಿ ತುಂಬಿರುತ್ತದೆ. ನೀರು ಬಂದಾಗ ಗಾಳಿ ಹೊರಗೆ ಹೋಗುತ್ತದೆ. ನೀರು ಇಳಿದುಹೋದರೆ ಗಾಳಿ ಮತ್ತೆ ಒಳಗೆ ಬರುತ್ತದೆ. ನೀರು ನಿಂತೇಬಿಟ್ಟರೆ ಏನು ಗತಿ? ನೀರಿನೊಳಗೆ ಆಮ್ಲಜನಕ ಹರಡುವ ವೇಗ ಗಾಳಿಯೊಳಗಿನ ವೇಗದ ಸುಮಾರು 10,000ದಲ್ಲಿ ಒಂದು ಪಾಲು ಮಾತ್ರ. ಬೇರು ಉಸಿರುಕಟ್ಟಿ ಸಾಯುತ್ತದೆ. ಸತ್ತ ಬೇರಿಗೆ ಬೂಷ್ಟು ಹತ್ತುತ್ತದೆ. ಎಲೆ ಬಾಡಿದ್ದನ್ನು ಕಂಡ ತೋಟಗಾರ ನೀರು ಸಾಲದೆಂದು ತಿಳಿದು ಇನ್ನೊಂದು ತಂಬಿಗೆ ಸುರಿಯುತ್ತಾನೆ.

ಇದರ ಬಗ್ಗೆ ಮನೆಯಲ್ಲಿಯೇ ಮಾಡಬಹುದಾದ ಒಂದು ಪ್ರಯೋಗವುಂಟು. ಪಾತ್ರೆ ತೊಳೆಯುವ ಉದ್ದನೆಯ ಸ್ಪಂಜನ್ನು ನೀರಿನಲ್ಲಿ ನೆನೆಸಿ, ಹಿಂಡದೆ ಅಡ್ಡಲಾಗಿ ಮಲಗಿಸಿ ಹಿಡಿಯಿರಿ. ಒಂದಿಷ್ಟು ನೀರು ತೊಟ್ಟಿಕ್ಕಿ ನಿಲ್ಲುತ್ತದೆ. ಇನ್ನು ಬಸಿಯುವುದೇನೂ ಇಲ್ಲ ಎನ್ನಿಸಿದ ಮೇಲೆ ಅದನ್ನು ನೆಟ್ಟಗೆ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಸುರಿಯುತ್ತದೆ! ಸ್ಪಂಜು ಅದೇ, ಬದಲಾದದ್ದು ಎತ್ತರ ಮಾತ್ರ. ಮಣ್ಣೂ ಹೀಗೆಯೇ. ಅದರ ಸಣ್ಣ ಎಡೆಗಳು ತಳದಲ್ಲಿ ಒಂದು ಪದರದಷ್ಟು ನೀರನ್ನು ಬಿಡದೆ ಹಿಡಿದಿರುತ್ತವೆ. ಮಣ್ಣಿನ ರಾಶಿ ಎತ್ತರವಾಗಿದ್ದರೆ ಆ ಪದರದ ಮೇಲೆ ಗಾಳಿಯಾಡುವ ಭಾಗ ಬಹಳವಿರುತ್ತದೆ. ತಟ್ಟೆಯಂತೆ ತೆಳುವಾಗಿದ್ದರೆ ಇಡೀ ರಾಶಿಯೇ ಕೆಸರು. ಆದ್ದರಿಂದಲೇ ಆಲ್ಪೈನ್ ಸಸ್ಯಗಳಿಗೆ ಎತ್ತರಿಸಿದ ಮಡಿ ಮಾಡುತ್ತಾರೆ, ಇಲ್ಲವೆ ಆಳವಾದ ಕಲ್ಲುಬಾನಿಗಳಲ್ಲಿ ಬೆಳೆಸುತ್ತಾರೆ.

ಕುಂಡದ ತಳಕ್ಕೆ ಜಲ್ಲಿಯ ಪದರ ಹಾಕಿದರೆ ನೀರು ಬೇಗ ಬಸಿಯುತ್ತದೆಂಬ ನಂಬಿಕೆ ನಮ್ಮಲ್ಲಿಯೂ ಇದೆ, ಅವರಲ್ಲಿಯೂ ಇದೆ. ಇದು ಸರಿಯಲ್ಲ. ಮೇಲಿನ ಸಣ್ಣ ಕಣದ ಮಣ್ಣು ಪೂರ್ತಿ ತೊಯ್ದು ತುಳುಕುವವರೆಗೆ ನೀರು ಕೆಳಗಿನ ಜಲ್ಲಿಗೆ ಇಳಿಯುವುದಿಲ್ಲ. ಕೆಸರಿನ ಪದರ ಜಲ್ಲಿಯ ಮೇಲಕ್ಕೆ, ಎಂದರೆ ಬೇರಿನ ಹತ್ತಿರಕ್ಕೆ ಬಂದಂತಾಯಿತು. ಜಲ್ಲಿಯನ್ನು ತಳದಲ್ಲಿ ಹಾಸುವುದಕ್ಕಿಂತ ಮಣ್ಣಿನಲ್ಲೆಲ್ಲ ಬೆರೆಸುವುದು ಲೇಸು. ಕುಂಡದ ರಂಧ್ರದ ಮೇಲೆ ಇಡುವ ಹೆಂಚಿನ ಚೂರು ಮಣ್ಣು ಸೋರದಂತೆ ತಡೆಯುತ್ತದೆ. ಅಷ್ಟೇ ಅದರ ಉಪಯೋಗ.

ಬೆಟ್ಟದ ಗಿಡಗಳನ್ನು ಊರಿನಲ್ಲಿ ಬೆಳೆಸುವ ವಿದ್ಯೆಯನ್ನು ಮೊದಲು ಶಾಸ್ತ್ರೀಯವಾಗಿ ವಿವರಿಸಿದವರಲ್ಲಿ ಇನ್ಸ್‌ಬ್ರುಕ್ ನಗರದ ಪ್ರಾಧ್ಯಾಪಕ ಆಂಟನ್ ಕೆರ್ನರ್ ಪ್ರಮುಖನು. ಗಿಡವು ಬೆಟ್ಟದಲ್ಲಿ ಯಾವ ಕಲ್ಲಿನ ಮೇಲೆ, ಯಾವ ತೇವದಲ್ಲಿ, ಎಂಥ ಬೆಳಕಿನಲ್ಲಿ ನಿಂತಿದೆಯೆಂಬುದನ್ನು ನೋಡಿಕೊಂಡು ಬೆಳೆಸುವ ಕ್ರಮದ ಮೇಲೆ ಅವನು 1864ರಲ್ಲಿ ಪುಸ್ತಕವನ್ನೇ ಬರೆದನು. ಇಂಗ್ಲೆಂಡಿನಲ್ಲಿ ಆ ವೇಳೆಗೆ ಶಿಲೋದ್ಯಾನಗಳ ಗೀಳು ಹತ್ತಿತ್ತು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ 1882ರಲ್ಲಿ ಶಿಲೋದ್ಯಾನ ಸಿದ್ಧವಾಯಿತು. ಶ್ರೀಮಂತರು ಕಲ್ಲುಗಳನ್ನು ಗುಡ್ಡೆಹಾಕಿ ಅದನ್ನೇ ಪರ್ವತವೆಂದು ತೋರಿಸುತ್ತಿದ್ದರು. ಗಿಡಗಳು ಮಾತ್ರ ಅದನ್ನು ಪರ್ವತವೆಂದು ನಂಬದೆ ಸಾಯುತ್ತಿದ್ದವು.

ಈ ಕಲ್ಲುಗುಡ್ಡೆಗಳನ್ನು ಕಟುವಾಗಿ ಹಾಸ್ಯಮಾಡಿ ಸರಿಯಾದ ದಾರಿ ತೋರಿಸಿದವನು ಯಾರ್ಕ್‌ಷೈರಿನ ರೆಜಿನಾಲ್ಡ್ ಫಾರರ್. 1880ರಲ್ಲಿ ಹುಟ್ಟಿ, ಆಲ್ಪ್ಸ್ ಅಲೆದು, ಚೀನ ಸುತ್ತಿ, 1920ರಲ್ಲಿ ಬರ್ಮದ ಗಡಿಬೆಟ್ಟಗಳಲ್ಲಿ ಸಸ್ಯಗಳನ್ನು ಹುಡುಕುತ್ತಲೇ ತೀರಿಕೊಂಡ ಮನುಷ್ಯ. ತನ್ನೂರಿನ ಕಡಿಬಂಡೆಯ ಮೇಲೆ ಹೂ ಬೆಳೆಸಬೇಕೆನ್ನಿಸಿ, ಅಲ್ಲಿಗೆ ಹತ್ತಲಾಗದೆ ಬೀಜಗಳನ್ನು ಬಂದೂಕಿಗೆ ತುಂಬಿ ಬಂಡೆಯ ಬಿರುಕುಗಳಿಗೆ ಹೊಡೆದನೆಂಬ ಕಥೆಯೊಂದು ಅವನ ಬಗ್ಗೆ ಪ್ರಚಾರದಲ್ಲಿದೆ. ನಿಜವೋ ಕಟ್ಟುಕಥೆಯೋ, ಮನುಷ್ಯನ ಸ್ವಭಾವಕ್ಕಂತೂ ಒಪ್ಪುತ್ತದೆ. ಕಲ್ಲನ್ನು ನೆಲದ ಮೇಲೆ ಇಡಬಾರದು, ನೆಲದಿಂದ ಎದ್ದುಬಂದಂತೆ ಹೂಳಬೇಕು ಎಂಬುದು ಅವನು ಒತ್ತಿ ಹೇಳಿದ ಮಾತುಗಳಲ್ಲೊಂದು.

ಇಂದಿಗೂ ಬಲ್ಲವರು ಮಾಡುವ ಕ್ರಮ ಅದೇ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳುವ, ಮರದ ಹನಿ ತೊಟ್ಟಿಕ್ಕದ ಜಾಗವನ್ನು ಆರಿಸುತ್ತಾರೆ. ಮಡಿಯನ್ನು ಸುತ್ತಲಿನ ನೆಲಕ್ಕಿಂತ ಮೊಳದಷ್ಟು ಎತ್ತರಿಸುತ್ತಾರೆ. ಕಲ್ಲಿನ ಮೂರನೆಯ ಒಂದು ಪಾಲನ್ನಾದರೂ ಹೂಳಿ, ಅದರ ಮೇಲ್ಮೈ ಹಿಂದಕ್ಕೆ ತುಸು ವಾಲುವಂತೆ ನಿಲ್ಲಿಸುತ್ತಾರೆ. ಬಿದ್ದ ಮಳೆ ಆಗ ಒಳಗೆ ಬೇರಿನ ಕಡೆಗೆ ಹರಿಯುತ್ತದೆ. ಚಪ್ಪಡಿಗಳನ್ನು ಪುಸ್ತಕಗಳಂತೆ ಒತ್ತೊತ್ತಾಗಿ ನೆಟ್ಟಗೆ ನಿಲ್ಲಿಸಿ, ಬೆರಳು ಹಿಡಿಸುವಷ್ಟೇ ಅಗಲದ ಸಂದಿಗಳಲ್ಲಿ ಗಿಡವಿಡುವ ಪದ್ಧತಿಯೂ ಇದೆ. ಚೆಕ್ ದೇಶದವರು ಇದರಲ್ಲಿ ನಿಪುಣರು. ಅಂಥ ಸಂದಿಯಲ್ಲಿ ಬೇರು ಆಳಕ್ಕಿಳಿಯದೆ ಬೇರೆ ದಾರಿಯಿಲ್ಲ.

ಮಣ್ಣಿಗೆ ಒಂದು ಪಾಲು ತೋಟದ ಮಣ್ಣು, ಒಂದು ಪಾಲು ಎಲೆಗೊಬ್ಬರ, ಒಂದು ಪಾಲು ದಪ್ಪ ಮರಳು ಅಥವಾ ಸಣ್ಣ ಜಲ್ಲಿ ಎಂಬುದು ಸಾಮಾನ್ಯವಾದ ಲೆಕ್ಕ. ಮಳೆ ಹೆಚ್ಚಿದ್ದ ಕಡೆ ಜಲ್ಲಿಯನ್ನು ಇಮ್ಮಡಿಮಾಡುತ್ತಾರೆ. ಹಟ್ಟಿಗೊಬ್ಬರ ಬೇಡವೇ ಬೇಡ. ಹಳೆಯ ಗೋಡೆಯ ಗಾರೆಯನ್ನು ನೆನೆಸಿಕೊಳ್ಳಿ. ಈ ಕುಲಕ್ಕೆ ಸುಣ್ಣದ ಅಂಶವಿರುವ ಮಣ್ಣು ಒಪ್ಪುತ್ತದೆ, ಹುಳಿಮಣ್ಣು ಒಗ್ಗುವುದಿಲ್ಲ. ನೆಟ್ಟ ಮೇಲೆ ಬುಡದ ಸುತ್ತ ಎರಡು ಬೆರಳು ದಪ್ಪಕ್ಕೆ ಜಲ್ಲಿ ಹರಡಬೇಕು. ಗಿಡದ ಕುತ್ತಿಗೆಯಂತಿರುವ ಬುಡಭಾಗ ಒಣಗಿರುವುದು ಮುಖ್ಯ. ಕೊಳೆ ಮೊದಲು ಹತ್ತುವುದು ಅಲ್ಲಿಗೆ.

ಸುಣ್ಣದಿಂದ ಇನ್ನೊಂದು ಲಾಭವುಂಟು. ಕೋಸಿನ ಬೇರುಗಳನ್ನು ಗಂಟುಗಂಟಾಗಿ ಊದಿಸಿ ಗಿಡವನ್ನು ಸೊರಗಿಸುವ ಒಂದು ರೋಗವಿದೆ. ರಷ್ಯದ ವೊರೊನಿನ್ ಎಂಬ ವಿಜ್ಞಾನಿ 1870ರ ದಶಕದಲ್ಲಿ ಅದಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಕಂಡುಹಿಡಿದನು. ಗೋಡೆಹೂ ಸಾಸಿವೆಯ ಮನೆತನದ್ದಷ್ಟೆ; ಮನೆತನದ ರೋಗ ಅದನ್ನೂ ಬಿಡದು. ಈ ರೋಗದ ಬೀಜಕಣಗಳು ಮಣ್ಣಿನಲ್ಲಿ ಹಲವಾರು ವರ್ಷ ಉಳಿಯುತ್ತವೆ. ಸುಣ್ಣದ ಮಣ್ಣಿನಲ್ಲಿ ಅವುಗಳ ಹಾವಳಿ ಕಡಮೆ. ಕೋಸು ಬೆಳೆದ ಪಾತಿಯಲ್ಲಿ ಗೋಡೆಹೂ ನೆಡಬಾರದೆನ್ನುವುದು ಇದಕ್ಕೇ.

ಎಷ್ಟೇ ಎಚ್ಚರ ವಹಿಸಿದರೂ ತಗ್ಗಿನ ಚಳಿಗಾಲದ ಜಿನುಗುಮಳೆಯನ್ನು ತಡೆಯುವವರಾರು? ಅದಕ್ಕೂ ಒಂದು ಉಪಾಯ ಹೂಡಿದ್ದಾರೆ. ಅತಿ ಸೂಕ್ಷ್ಮವಾದ ಗಿಡಗಳ ಮೇಲೆ ಒಂದು ಗಾಜಿನ ಹಲಗೆಯನ್ನು ನಾಲ್ಕು ಕಡ್ಡಿಗಳ ಆಧಾರದಲ್ಲಿ ಚಪ್ಪರದಂತೆ ನಿಲ್ಲಿಸುತ್ತಾರೆ. ಬದಿಗಳೆಲ್ಲ ತೆರೆದಿರುತ್ತವೆ, ಗಾಳಿ ಆಡುತ್ತದೆ, ಚಳಿ ತಾಕುತ್ತದೆ, ಮಳೆ ಮಾತ್ರ ಬೀಳದು. ಬೆಟ್ಟದಲ್ಲಿ ಹಿಮ ಮಾಡುತ್ತಿದ್ದ ಕೆಲಸದ ಅರ್ಧವನ್ನು ಗಾಜು ಮಾಡಿತೆನ್ನಬಹುದು.

ನಮ್ಮ ಊರುಗಳಲ್ಲಿ ಇದನ್ನು ಬೆಳೆಸಲಾಗದೇ ಎಂದು ನೀವು ಕೇಳಬಹುದು. ಆಸೆಪಡುವುದರಲ್ಲಿ ತಪ್ಪಿಲ್ಲ, ಆದರೆ ಈ ಕುಲದ ಹಲವು ಪ್ರಭೇದಗಳಿಗೆ ಕೆಲವು ವಾರಗಳ ಕೊರೆಯುವ ಚಳಿ ತಾಕದೆ ಮೊಗ್ಗು ಮೂಡುವುದಿಲ್ಲ. ನಮ್ಮ ಬಯಲುಸೀಮೆಯಲ್ಲಿ ಅಂಥ ಚಳಿಯಿಲ್ಲ. ಮಲೆನಾಡಿನ ಮುಂಗಾರಿನ ಮಳೆಯನ್ನು ಆ ಬೇರು ತಾಳುವಂತಿಲ್ಲ. ಅವರ ಬೆಟ್ಟದ ಹೂ ಅವರ ಬೆಟ್ಟದಲ್ಲಿರಲಿ.

ಸಾಸಿವೆಯ ನಂಟಿದೆಯೆಂದು ಈ ಗಿಡವನ್ನು ತಿನ್ನಲು ಹೋಗುವಂತಿಲ್ಲ ಎಂಬುದನ್ನೂ ಹೇಳಬೇಕು. ಸಾಸಿವೆಯ ಘಾಟಿಗೆ ಕಾರಣವಾದ ಪದಾರ್ಥಗಳು ಗೋಡೆಹೂವಿನಲ್ಲಿಯೂ ಇವೆ. ಅವುಗಳ ಜೊತೆಗೆ ಹೃದಯದ ಬಡಿತವನ್ನು ಏರುಪೇರು ಮಾಡುವ ಇನ್ನೊಂದು ಬಗೆಯ ವಿಷವೂ ಸೇರಿದೆ. ನಮ್ಮ ಕಣಗಿಲೆಯಲ್ಲಿ, ಎಕ್ಕದಲ್ಲಿ ಇರುವುದು ಇದೇ ಬಳಗದ ವಿಷ. ಕೋಸಿನ ಬಿಳಿ ಚಿಟ್ಟೆಗೆ ಸಾಸಿವೆಯ ಘಾಟು ಅಭ್ಯಾಸವಾಗಿದೆ, ಅದನ್ನು ಮೂಸಿಯೇ ಗಿಡವನ್ನು ಗುರುತಿಸುತ್ತದೆ; ಆದರೆ ಈ ಎರಡನೆಯ ವಿಷಕ್ಕೆ ಹೆದರಿ ಗೋಡೆಹೂವಿನ ಮೇಲೆ ಮೊಟ್ಟೆಯಿಡದೆ ಹೋಗುತ್ತದೆ. ಒಂದು ಬೀಗಕ್ಕೆ ಕಳ್ಳನು ಕೀಲಿ ಮಾಡಿಸಿಕೊಂಡದ್ದರಿಂದ ಮನೆಯವರು ಎರಡನೆಯ ಬೀಗ ಹಾಕಿದಂತಾಯಿತು.

ಇಷ್ಟೆಲ್ಲ ಉಪಚಾರ ಮಾಡಿದರೂ ಗಿಡ ಬಹುಕಾಲ ಬಾಳುವುದಿಲ್ಲ. ಮೂರು ನಾಲ್ಕು ವರ್ಷಗಳಲ್ಲಿ ಕಾಂಡ ಕಟ್ಟಿಗೆಯಾಗಿ ನಡುಭಾಗ ಬೋಳಾಗುತ್ತದೆ. ಬೀಜದಿಂದ ಹೊಸ ಗಿಡ ಮಾಡಿಕೊಳ್ಳಬಹುದು. ಬೀಜವೇ ಆಗದ ಗೋಡೆಹೂಗಳೂ ಇವೆ. ಅವುಗಳಲ್ಲೊಂದರ ಕಥೆ ವಿಶೇಷವಾದದ್ದು. ಕೇಸರಗಳೆಲ್ಲ ಎಸಳುಗಳಾಗಿ ಮಾರ್ಪಟ್ಟು ಗುಂಡು ಮಲ್ಲಿಗೆಯಂತೆ ಒತ್ತಾಗಿ ಅರಳುವ ಹಳದಿ ಗೋಡೆಹೂ ಹಿಂದೆ ಇಂಗ್ಲೆಂಡಿನ ತೋಟಗಳಲ್ಲಿತ್ತು. ಕ್ರಮೇಣ ಕಣ್ಮರೆಯಾಗುತ್ತ ಬಂತು. ಕೇಸರವಿಲ್ಲದ ಮೇಲೆ ಬೀಜವೆಲ್ಲಿಂದ? ಹತ್ತೊಂಬತ್ತನೆಯ ಶತಮಾನದಲ್ಲಿ ಬಕಿಂಗ್‌ಹ್ಯಾಮ್‌ಷೈರಿನ ಹಳ್ಳಿಯೊಂದರ ಪಾದ್ರಿ ಹೆನ್ರಿ ಹಾರ್ಪರ್ ಕ್ರ್ಯೂ ಅದನ್ನು ಮತ್ತೆ ಕಂಡುಹಿಡಿದು, ಕಡ್ಡಿ ಚಿವುಟಿ ನೆಟ್ಟು ಉಳಿಸಿದನು. ಅವನು 1883ರಲ್ಲಿ ತೀರಿಕೊಂಡನು. ಗಿಡಕ್ಕೆ ಅವನ ಹೆಸರೇ ನಿಂತಿದೆ. ಇಂದು ತೋಟಗಳಲ್ಲಿರುವ ಪ್ರತಿಯೊಂದು ‘ಹಾರ್ಪರ್ ಕ್ರ್ಯೂ’ ಗಿಡವೂ ಬೇರೊಂದು ಗಿಡದಿಂದ ಮುರಿದ ಕಡ್ಡಿ. ಆ ಗಿಡ ಮತ್ತೊಂದರ ಕಡ್ಡಿ. ನಡುವೆ ಯಾವ ತಲೆಮಾರಿನಲ್ಲಿಯೂ ಬೀಜವಿಲ್ಲ. ಯಾರೋ ಒಬ್ಬರು ಪ್ರತಿ ಮೂರು ನಾಲ್ಕು ವರ್ಷಕ್ಕೊಮ್ಮೆ ನೆನಪಿಟ್ಟುಕೊಂಡು ನೆಡದೆ ಹೋಗಿದ್ದರೆ ಅದು ಅಲ್ಲಿಗೇ ಮುಗಿಯುತ್ತ ಬರುತ್ತಿತ್ತು.

ನೆಡುವ ಕ್ರಮ ಸುಲಭ. ಹೂವಿನ ಕಾಲ ಮುಗಿದ ಮೇಲೆ, ಬೇಸಿಗೆಯಲ್ಲಿ, ಮೊಗ್ಗಿಲ್ಲದ ಎಳೆಯ ಚಿಗುರನ್ನು ಆರಿಸಿ ಮೂರು ನಾಲ್ಕು ಬೆರಳುದ್ದಕ್ಕೆ ಮುರಿಯುತ್ತಾರೆ. ಕೆಳಗಿನ ಎಲೆಗಳನ್ನು ತೆಗೆದು, ಮರಳು ಹೆಚ್ಚಿರುವ ಮಣ್ಣಿನಲ್ಲಿ, ಕುಂಡದ ಅಂಚಿನ ಉದ್ದಕ್ಕೂ ಊರುತ್ತಾರೆ. ಅಂಚಿನಲ್ಲಿ ಗಾಳಿ ಹೆಚ್ಚು. ಒಮ್ಮೆ ನೀರು ಹಾಕಿ ನೆರಳಿನಲ್ಲಿಡುತ್ತಾರೆ. ಬೇರಿಲ್ಲದ ಕಡ್ಡಿಗೆ ಬಿಸಿಲು ಆಗದು. ಕೆಲವು ವಾರಗಳಲ್ಲಿ ಬೇರು ಬರುತ್ತದೆ. ಕಡ್ಡಿಯನ್ನು ಮೆಲ್ಲನೆ ಎಳೆದು ನೋಡಿದಾಗ ಅದು ಬಿಗಿಯಾಗಿ ನಿಂತರೆ ಬೇರು ಹಿಡಿದಿದೆಯೆಂದು ಅರ್ಥ. ಅಂದೇ ಕುಂಡವನ್ನು ನೆರಳಿನಿಂದ ಎತ್ತಿ ಬಿಸಿಲಿಗೆ ಇಡುತ್ತಾರೆ.